ನಿಂತ ಜರಡಿ, ನಡೆಯುವ ಜಾಲರಿ: ಕಲಬುರಗಿಯ ತೊಗರಿ ಮತ್ತು ರೊಟ್ಟಿಯ ಒಂದು ಚರಿತ್ರೆ

ಕಲಬುರಗಿ ನಗರದಿಂದ ಆಗ್ನೇಯಕ್ಕೆ ಹೊರಟು ಮಳಖೇಡದ ಮೂಲಕ ಸೇಡಂ ಪಟ್ಟಣವನ್ನು ಸೇರುವ ರಸ್ತೆಯಲ್ಲಿ ಇಂದು ಕಣ್ಣಿಗೆ ಬೀಳುವುದು ದೊಡ್ಡ ಆಸ್ಪತ್ರೆಗಳು, 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಮತ್ತು 2019ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ವಿಮಾನ ನಿಲ್ದಾಣ. ಆದರೆ ಈ ರಸ್ತೆಯ ಆರ್ಥಿಕ ಚರಿತ್ರೆಯನ್ನು ಬರೆಯಹೊರಟವರು ಅದರ ಅಡಿಯ ನೆಲದಿಂದಲೇ ಆರಂಭಿಸಬೇಕಾಗುತ್ತದೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹಕ್ಕೆ ಸೇರಿಸುವ, ಪದರು ಪದರಾಗಿ ಬಿಡಿಸಿಕೊಳ್ಳುವ ಸುಣ್ಣಕಲ್ಲು ಇಲ್ಲಿ ಹಲವೆಡೆ ಎರೆಮಣ್ಣಿನ ಕೆಳಗೆ ಹಾಸಿಕೊಂಡಿದೆ. ಅದನ್ನು ಪುಡಿ ಮಾಡಿ ಸುಟ್ಟರೆ ಮಳಖೇಡ ಮತ್ತು ಸೇಡಂಗಳ ಸಿಮೆಂಟ್ ಆಗುತ್ತದೆ, ಹಾಗೆಯೇ ಎಬ್ಬಿಸಿ ಅಂಚು ಕಡಿದರೆ ಎಷ್ಟೋ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿಯಾಗುತ್ತದೆ, ಮೇಲಿನ ಮಣ್ಣಿಗೆ ಕರಗಿ ಇಳಿದರೆ ತೊಗರಿಯ ರುಚಿಯಾಗುತ್ತದೆ ಎಂಬುದು ಈ ಭಾಗದ ರೈತರ ನಂಬಿಕೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಒಂದು ಪ್ರದೇಶದ ಹೆಸರನ್ನು ಆ ಪ್ರದೇಶದ ಉತ್ಪನ್ನಕ್ಕೆ ಮಾತ್ರ ಮೀಸಲಿಡುವ ಕಾನೂನಿನ ರಕ್ಷಣೆ ದೊರೆತಾಗ ಮಣ್ಣಿನ ಸುಣ್ಣದ ಅಂಶವನ್ನೇ ಮುಖ್ಯ ಕಾರಣವಾಗಿ ಮುಂದಿಡಲಾಯಿತು. ಇತಿಹಾಸಕಾರರು ಈ ರಸ್ತೆಗೆ ಬರುವುದು ಸಾಮಾನ್ಯವಾಗಿ ಮಳಖೇಡಕ್ಕಾಗಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಮಾನ್ಯಖೇಟಕ್ಕಾಗಿ. ಅದೇ ನೆಲದ ಕಾಳು ಹೊಟ್ಟು ಕಳೆದುಕೊಂಡು ಬೇಳೆಯಾಗುವ ಬಗೆ, ಅದಕ್ಕಾಗಿ ಜನ ಕಾಲಕಾಲಕ್ಕೆ ಆರಿಸಿಕೊಂಡ ಜರಡಿ ಮತ್ತು ಜಾಲರಿಗಳು ಅವರ ಗಮನಕ್ಕೆ ಬಿದ್ದದ್ದು ಕಡಿಮೆ.

ಆಹಾರ ಸಂಸ್ಕರಣೆಯ ಯಂತ್ರಗಳನ್ನು ಕೊಳ್ಳುವವರು ಇಂದು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ತಂತಿ ಜಾಲರಿಯ ಕನ್ವೇಯರ್ ಬೆಲ್ಟಿನದೂ ಒಂದು. ಲೋಹದ ತಂತಿಗಳನ್ನು ಹೆಣೆದು, ಎರಡು ತುದಿಗಳನ್ನೂ ಕೂಡಿಸಿ, ಉರುಳೆಗಳ ಸುತ್ತ ಕೊನೆಯಿಲ್ಲದಂತೆ ತಿರುಗಿಸುವ ಪಟ್ಟಿಗೆ ಈ ಹೆಸರು. ಅದರ ಮೇಲಿಟ್ಟ ಪದಾರ್ಥ ಮುಂದೆ ಸಾಗುತ್ತಿರುವಾಗಲೇ ಬಿಸಿಗಾಳಿ, ತಣ್ಣನೆಯ ಗಾಳಿ, ನೀರು ಅಥವಾ ಉರಿ ಕೆಳಗಿನಿಂದಲೂ ತಾಗುತ್ತದೆ. ಯಾವ ಜಾಲರಿ ಸರಿ ಎಂಬುದನ್ನು ಬಹುಮಟ್ಟಿಗೆ ಅಗಲ, ವೇಗ, ಬೆಲೆಗಳ ಲೆಕ್ಕದಲ್ಲಿ ತೀರ್ಮಾನಿಸಲಾಗುತ್ತಿದೆ. ಆದರೆ ಕಲಬುರಗಿಯ ಅನುಭವ ಹೇಳುವುದೇ ಬೇರೆ. ಈ ನಗರದ ಮುಖ್ಯ ಉದ್ಯಮವಾದ ತೊಗರಿ ಗಿರಣಿಗೆ ನಡೆಯುವ ಜಾಲರಿ ಬೇಕಾಗಲೇ ಇಲ್ಲ. ಅದೇ ಊರಿನ ಜೋಳದ ರೊಟ್ಟಿ ಯಂತ್ರಕ್ಕೆ ಏರಿದಾಗ ನಡೆಯುವ ಜಾಲರಿ ಮೊದಲ ದಿನದಿಂದಲೇ ಅನಿವಾರ್ಯವಾಯಿತು. ಆಯ್ಕೆಯನ್ನು ಮಾಡಿದ್ದು ಯಂತ್ರ ಮಾರುವವರಲ್ಲ, ಕಾಳು ಮತ್ತು ಹಿಟ್ಟು.

ತೊಗರಿ ಹಟಮಾರಿ ಕಾಳು. ಕಡಲೆಯ ಹಾಗಲ್ಲದೆ ಇದರ ಸಿಪ್ಪೆ ಮತ್ತು ಒಳಗಿನ ಬೇಳೆಗಳ ನಡುವೆ ಅಂಟಿನಂಥ ಒಂದು ತೆಳು ಪದರವಿದ್ದು, ಅದನ್ನು ಸಡಿಲಿಸದ ಹೊರತು ಸಿಪ್ಪೆ ಬಿಡುವುದಿಲ್ಲ. ಬಲವಂತವಾಗಿ ಉಜ್ಜಿದರೆ ಸಿಪ್ಪೆಯ ಜೊತೆ ಬೇಳೆಯ ಮೈಯೂ ಪುಡಿಯಾಗಿ ಹೋಗುತ್ತದೆ. ಹೀಗಾಗಿ ಮನೆಯ ಹೆಂಗಸರು ಬಳಸುತ್ತಿದ್ದ ಎರಡು ದಾರಿಗಳೂ ಮೂಲತಃ ಈ ಅಂಟನ್ನು ಸೋಲಿಸುವ ದಾರಿಗಳೇ ಆಗಿದ್ದವು. ಒಂದರಲ್ಲಿ ಕಾಳನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಕಲಸಿ, ರಾತ್ರಿಯೆಲ್ಲ ಗುಡ್ಡೆ ಹಾಕಿಟ್ಟು, ಬಳಿಕ ಬಿಸಿಲಿಗೆ ಹರವಿ, ಒಣಗಿದ ಮೇಲೆ ಮಣ್ಣನ್ನು ಸಾಣಿಗೆಯಲ್ಲಿ ಹಿಡಿದು ಬೀಸುಕಲ್ಲಿಗೆ ಹಾಕಲಾಗುತ್ತಿತ್ತು. ಇನ್ನೊಂದರಲ್ಲಿ ಕಾಳಿಗೆ ಸ್ವಲ್ಪವೇ ಎಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ, ಮುಚ್ಚಿಟ್ಟು, ಮತ್ತೆ ಒಣಗಿಸಿ ಒಡೆಯಲಾಗುತ್ತಿತ್ತು. ಮೊದಲನೆಯದರಲ್ಲಿ ಬೇಳೆ ಚೆನ್ನಾಗಿ ಇಬ್ಭಾಗವಾದರೂ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡನೆಯದರಲ್ಲಿ ಬೇಗ ಬೇಯುತ್ತದೆ, ಆದರೆ ನುಚ್ಚು ಹೆಚ್ಚು. ಕಲಬುರಗಿಯ ಗಿರಣಿಗಳು ಮುಂದೆ ಹಿಡಿದದ್ದು ಈ ಎರಡನೆಯ, ಎಣ್ಣೆಯ ದಾರಿಯನ್ನು.

ಮನೆಯ ಈ ಕೆಲಸದಲ್ಲಿ ಬೇರ್ಪಡಿಸುವ ಸಾಧನಗಳು ಎರಡೇ ಇದ್ದವು. ಮೇದಾರರು ಬಿದಿರಿನ ಸೀಳುಗಳಿಂದ ಹೆಣೆದ ಮೊರ ಗಾಳಿಯ ನೆರವಿನಿಂದ ತೂಕವನ್ನು ಬೇರ್ಪಡಿಸಿದರೆ, ಸಾಣಿಗೆ ತನ್ನ ತೂತಿನ ಅಳತೆಯಿಂದ ಗಾತ್ರವನ್ನು ಬೇರ್ಪಡಿಸುತ್ತಿತ್ತು. ಹೊಟ್ಟು ಹಗುರ, ಆದ್ದರಿಂದ ಮೊರಕ್ಕೆ ಸಿಗುತ್ತದೆ. ನುಚ್ಚು ಭಾರ ಆದರೆ ಸಣ್ಣದು, ಆದ್ದರಿಂದ ಮೊರಕ್ಕೆ ಸಿಗದೆ ಸಾಣಿಗೆಗೆ ಸಿಗುತ್ತದೆ. ಒಡೆಯದೆ ಉಳಿದ ಇಡೀ ಕಾಳು ಸಾಣಿಗೆಯ ಮೇಲೆಯೇ ನಿಂತು ಮತ್ತೆ ಬೀಸುಕಲ್ಲಿಗೆ ಹೋಗುತ್ತದೆ. ಇಂದಿನ ಬೇಳೆ ಗಿರಣಿಯ ಎಲ್ಲ ವಿದ್ಯುತ್ ಯಂತ್ರಗಳನ್ನು ಬಿಡಿಸಿ ನೋಡಿದರೂ ಒಳಗೆ ಉಳಿಯುವುದು ಈ ಎರಡು ತತ್ತ್ವಗಳೇ. ಬದಲಾದದ್ದು ಪ್ರಮಾಣ ಮತ್ತು ಕೈ.

ಪ್ರಮಾಣ ಬದಲಾಗಲು ಕಾರಣವಾದದ್ದು ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ ಕಲಬುರಗಿ, ಶಹಾಬಾದ್, ವಾಡಿಗಳನ್ನು ದಾಟಿ 1871ರ ಹೊತ್ತಿಗೆ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಓಡತೊಡಗಿತು. ಕಲ್ಲು ಪರ್ಸಿಯಾಗಿ ಹೊರಗೆ ಹೋದದ್ದೂ ಕಾಳು ಮೂಟೆಯಾಗಿ ಹೊರಗೆ ಹೋದದ್ದೂ ಇದೇ ಹಳಿಗಳ ಮೇಲೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೆಳೆದ ಗಂಜ್, ಅಂದರೆ ಧಾನ್ಯದ ಸಗಟು ಪೇಟೆ, ಅಡತಿ ಅಂಗಡಿಗಳಿಂದಲೂ ಹಮಾಲರಿಂದಲೂ ತುಂಬಿಕೊಂಡಿತು, ಮತ್ತು 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕವೂ ತನ್ನ ಲೆಕ್ಕದ ಮಾತನ್ನು ಉರ್ದು, ಮರಾಠಿ, ಕನ್ನಡಗಳ ಬೆರಕೆಯಲ್ಲಿಯೇ ನಡೆಸಿತು. ಫಟಕಾ, ಸವಾ ನಂಬರ್ ಎಂಬ ಬೇಳೆಯ ದರ್ಜೆಗಳ ಹೆಸರುಗಳು ಈ ಪೇಟೆಯ ಮಾತುಗಳಾದವು.  ದರ್ಜೆಗೆ ತಕ್ಕಂತೆ ಬೆಲೆ ಬದಲಾಗುವುದರಿಂದ ಗಿರಣಿಯಲ್ಲಿ ಜರಡಿಯ ತೂತಿನ ಅಳತೆ ಒಂದು ವ್ಯಾಪಾರದ ತೀರ್ಮಾನವೇ ಆಯಿತು.

ಗಿರಣಿಯಲ್ಲಿ ಬೀಸುಕಲ್ಲಿನ ಜಾಗವನ್ನು ಎಮರಿ ರೋಲರ್ ಹಿಡಿಯಿತು. ಒರಟು ಖನಿಜದ ಪುಡಿಯನ್ನು ಮೈಗೆ ಹಚ್ಚಿ ಗಟ್ಟಿ ಮಾಡಿದ ಈ ಉರುಳೆ ಒಂದು ತಂತಿ ಜಾಲರಿಯ ಅಥವಾ ತೂತು ತಗಡಿನ ಕವಚದೊಳಗೆ ತಿರುಗುತ್ತದೆ. ಮೊದಲ ಸುತ್ತಿನಲ್ಲಿ ಕಾಳಿನ ಸಿಪ್ಪೆಗೆ ಬರೀ ಗೀರು ಬೀಳುತ್ತದೆ, ಎಣ್ಣೆ ಒಳಗಿಳಿಯಲು ಅಷ್ಟು ಸಾಕು. ಎಣ್ಣೆ ಸವರಿದ ಕಾಳು ಬಿಸಿಲಿಗೆ ಹೋಗಿ, ನೀರು ಕುಡಿದು, ಗುಡ್ಡೆಯಲ್ಲಿ ರಾತ್ರಿ ಕಳೆದು, ಮತ್ತೆ ರೋಲರಿಗೆ ಬರುತ್ತದೆ. ಹೀಗೆ ಮೂರು ನಾಲ್ಕು ಸಲ ಸುತ್ತಿದ ಮೇಲೆ ಒಂದು ರಾಶಿ ಪೂರ್ತಿ ಬೇಳೆಯಾಗಲು ಮೂರರಿಂದ ಏಳು ದಿನ ಹಿಡಿಯುತ್ತಿತ್ತು. ಈ ದಿನಗಳಲ್ಲಿ ಹೆಚ್ಚಿನವು ಗಿರಣಿಯ ಒಳಗಲ್ಲ, ಅಂಗಳದಲ್ಲಿ ಕಳೆಯುತ್ತಿದ್ದವು ಎಂಬುದನ್ನು ಗಮನಿಸಬೇಕು. ಹಳೆಯ ಬೇಳೆ ಗಿರಣಿಗೆ ಯಂತ್ರದ ಕೋಣೆಗಿಂತ ಒಣಗಿಸುವ ಅಂಗಳವೇ ದೊಡ್ಡದು, ಮತ್ತು ಕಲಬುರಗಿಯಲ್ಲಿ ಆ ಅಂಗಳಕ್ಕೆ ಹಾಸಲು ಪರ್ಸಿಗೆ ಬರವಿರಲಿಲ್ಲ. ಚಪ್ಪಟೆಯಾದ, ಬೇಗ ಕಾಯುವ, ಗುಡಿಸಲು ಸುಲಭವಾದ ಆ ಕಲ್ಲು ಒಣಗಿಸುವ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಒಂದೇ ಕೊರತೆಯೆಂದರೆ ಕಾಳಿಗೆ ಕೆಳಗಿನಿಂದ ಗಾಳಿಯಾಡುವುದಿಲ್ಲ. ಆದ್ದರಿಂದ ಕೂಲಿಯವರು ಗಂಟೆಗೊಮ್ಮೆ ಕಾಲಿನಿಂದಲೋ ಮರದ ಹಲಗೆಯಿಂದಲೋ ಕಾಳನ್ನು ಕೆದಕಿ ತಿರುವಬೇಕಿತ್ತು. ಮಳೆಗಾಲದಲ್ಲಿ ಗಿರಣಿ ನಿಲ್ಲುತ್ತಿದ್ದುದಕ್ಕೆ ಕಾಳಿನ ಅಭಾವಕ್ಕಿಂತ ಬಿಸಿಲಿನ ಅಭಾವವೇ ಕಾರಣ.

ಗಿರಣಿಯೊಳಗಿನ ಜರಡಿಗಳ ವಿಷಯದಲ್ಲಿ ಕಲಬುರಗಿಯ ಮೇಸ್ತ್ರಿಗಳು ಬೆಳೆಸಿಕೊಂಡ ತಿಳಿವಳಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ, ಏಕೆಂದರೆ ಜಾಲರಿಯ ಆಯ್ಕೆಯ ಎಲ್ಲ ತೊಡಕುಗಳೂ ಅಲ್ಲಿ ಚಿಕ್ಕ ಪ್ರಮಾಣದಲ್ಲಿ ಕಾಣಿಸುತ್ತವೆ. ತೊಗರಿಕಾಳಿನ ಅಡ್ಡಳತೆ ತಳಿಗೆ ತಕ್ಕಂತೆ ಸುಮಾರು 5ರಿಂದ 6 ಮಿಲಿಮೀಟರ್. ಸೊರಗು ರೋಗವನ್ನು ತಡೆದುಕೊಳ್ಳುವ ಮಾರುತಿ ಎಂಬ ತಳಿ 1980ರ ದಶಕದ ನಡುವೆ ಬಂದು ಈ ಜಿಲ್ಲೆಯ ಹೊಲಗಳನ್ನು ಆವರಿಸಿತು. ಬಳಿಕ ಆಶಾ, ಟಿಎಸ್ 3ಆರ್ ಮೊದಲಾದವು ಬಂದವು. ತಳಿ ಬದಲಾದಂತೆ ಕಾಳಿನ ಗಾತ್ರವೂ ಬದಲಾಗುವುದರಿಂದ ಒಂದೇ ಜರಡಿ ಎಲ್ಲ ಮೂಟೆಗಳಿಗೂ ಒಗ್ಗುವುದಿಲ್ಲ. ಮಿಶ್ರ ಗಾತ್ರದ ಕಾಳನ್ನು ಒಟ್ಟಿಗೇ ರೋಲರಿಗೆ ಹಾಕಿದರೆ ದೊಡ್ಡ ಕಾಳಿನ ಮೈ ಸವೆಯುತ್ತದೆ, ಸಣ್ಣ ಕಾಳು ಸಿಪ್ಪೆಯೊಡನೆಯೇ ಹೊರಬೀಳುತ್ತದೆ. ಆದ್ದರಿಂದ ಮೊದಲೇ ಗಾತ್ರವಾರು ವಿಂಗಡಿಸುವುದು ನಷ್ಟವನ್ನು ತಡೆಯುವ ಮೊದಲ ಹೆಜ್ಜೆ. ಇಲ್ಲಿ ತೂತಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಇಡೀ ಕಾಳನ್ನು ವಿಂಗಡಿಸಲು ದುಂಡು ತೂತು ಸಾಕಾದರೆ, ಇಡೀ ಕಾಳಿನಿಂದ ಒಡೆದ ಬೇಳೆಯನ್ನು ಬೇರ್ಪಡಿಸಲು ಉದ್ದನೆಯ ಸೀಳು ಬೇಕು, ಏಕೆಂದರೆ ಬೇಳೆಯ ಅಗಲ ಕಾಳಿನಷ್ಟೇ ಇದ್ದು ದಪ್ಪ ಮಾತ್ರ ಅರ್ಧ.

ತೂತಿನ ಅಳತೆಯೊಂದನ್ನೇ ನೋಡಿ ಜಾಲರಿ ಕೊಳ್ಳುವವರು ತಂತಿಯ ದಪ್ಪವನ್ನು ಮರೆಯುವುದುಂಟು. 4 ಮಿಲಿಮೀಟರ್ ಚೌಕದ ತೂತಿರುವ ಜಾಲರಿಯನ್ನು 1 ಮಿಲಿಮೀಟರ್ ತಂತಿಯಲ್ಲಿ ಹೆಣೆದರೆ ಅದರ ಒಟ್ಟು ಮೈಯಲ್ಲಿ ಬಯಲಾಗಿ ಉಳಿಯುವುದು ಶೇಕಡ 64 ಭಾಗ. ಅದೇ ತೂತನ್ನು 2 ಮಿಲಿಮೀಟರ್ ತಂತಿಯಲ್ಲಿ ಹೆಣೆದರೆ ಆ ಪ್ರಮಾಣ ಶೇಕಡ 44ಕ್ಕೆ ಇಳಿಯುತ್ತದೆ. ಬಯಲು ಕಡಿಮೆಯಾದಷ್ಟೂ ಜರಡಿ ನಿಧಾನವಾಗುತ್ತದೆ, ಹೆಚ್ಚಾದಷ್ಟೂ ಬೇಗ ಸವೆದು ಹರಿಯುತ್ತದೆ. ಇದರ ನಡುವೆ ಒಂದು ಬಿಂದುವನ್ನು ಹಿಡಿಯುವುದೇ ಆಯ್ಕೆ. ತೊಗರಿ ಗಿರಣಿಗೆ ಆ ಬಿಂದುವನ್ನು ತೋರಿಸಿಕೊಟ್ಟದ್ದು ಮುಖ್ಯವಾಗಿ ಸವೆತ: ಮಣ್ಣು, ಎಣ್ಣೆ, ಸಿಪ್ಪೆಯ ಪುಡಿಗಳು ಸೇರಿ ಸಣ್ಣ ತಂತಿಯನ್ನು ಬೇಗನೆ ತಿನ್ನುವುದರಿಂದ ಬಹಳ ಕಡೆ ಹೆಣೆದ ಜಾಲರಿ ಹಿಂದೆ ಸರಿದು, ತಗಡಿಗೆ ತೂತು ಹೊಡೆದ ಜರಡಿ ಮುಂದೆ ಬಂದಿತು.

ಬಿಸಿಲಿನ ಅವಲಂಬನೆಯನ್ನು ತಪ್ಪಿಸುವ ಪ್ರಯತ್ನ ನಡೆದದ್ದು ಮೈಸೂರಿನಲ್ಲಿ. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಕುರಿಯನ್ ಮತ್ತು ಪಾರ್ಪಿಯಾ ಅವರು ಭಾರತದ ಬೇಳೆ ಗಿರಣಿಗಳನ್ನು ಕುರಿತು, ಅದರಲ್ಲೂ ಮೊದಲಿಗೆ ತೊಗರಿಯನ್ನು ಕುರಿತು, 1968ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಎಣ್ಣೆಯೂ ಇಲ್ಲ, ಬಿಸಿಲೂ ಇಲ್ಲ. ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯನ್ನು ಕಾಳಿನ ನಡುವೆ ಹಾಯಿಸಿ, ಬಳಿಕ ತೊಟ್ಟಿಯಲ್ಲಿ ಆರು ಗಂಟೆಯಷ್ಟು ಕಾಲ ಬಿಸಿಯನ್ನು ಹದವಾಗಿ ಇಳಿಯಗೊಟ್ಟು, ಇದನ್ನೇ ಎರಡು ಸಲ ಮಾಡಿದರೆ ಅಂಟು ಗರಿಗಟ್ಟಿ ಸಿಪ್ಪೆ ತಾನಾಗಿ ಸಡಿಲುತ್ತದೆ. ಹಳೆಯ ಪದ್ಧತಿಯಲ್ಲಿ ನೂರು ಕಿಲೋ ಕಾಳಿಗೆ 70ರಿಂದ 75 ಕಿಲೋ ಬೇಳೆ ದೊರೆಯುತ್ತಿದ್ದರೆ ಇದರಲ್ಲಿ 80 ಕಿಲೋದವರೆಗೆ ದೊರೆಯುತ್ತದೆ ಎಂಬುದು ಸಂಸ್ಥೆಯ ಪ್ರತಿಪಾದನೆ.

ಪ್ರಸ್ತುತ ಚರ್ಚೆಗೆ ಮುಖ್ಯವಾದ ಅಂಶವೆಂದರೆ ಈ ಬಿಸಿಗಾಳಿಯ ಯಂತ್ರದಲ್ಲಿಯೂ ಜಾಲರಿ ನಡೆಯಬೇಕಾಗಿಲ್ಲ. ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಹೆಸರಿನಿಂದ ಪ್ರಸಿದ್ಧವಾದ ಒಣಗಿಸುವ ಲಂಬ ಗೋಪುರದಲ್ಲಿ ಕಾಳನ್ನು ಬಕೆಟ್ ಎಲಿವೇಟರಿನಿಂದ ಮೇಲೆತ್ತಿ ಸುರಿದರೆ ಸಾಕು, ಅದು ತನ್ನ ಭಾರದಿಂದಲೇ ಕೆಳಗಿಳಿಯುತ್ತ, ಕವುಚಿಟ್ಟ ಗಾಳಿಕಾಲುವೆಗಳ ನಡುವೆ ಉರುಳುತ್ತ, ಎಲ್ಲ ಮಗ್ಗುಲಿಗೂ ಬಿಸಿ ತಾಗಿಸಿಕೊಳ್ಳುತ್ತದೆ. ತೊಗರಿ ಗಟ್ಟಿ, ದುಂಡು, ಉರುಳಬಲ್ಲದು, ಒಂದರ ಮೇಲೊಂದು ಬಿದ್ದರೂ ಒಡೆಯದು. ಇಂಥ ಕಾಳನ್ನು ದುಬಾರಿ ಉಕ್ಕಿನ ಜಾಲರಿಯ ಮೇಲೆ ಮೆರವಣಿಗೆ ಮಾಡಿಸುವ ಅಗತ್ಯವೇ ಇಲ್ಲ. ಯಾವ ಆಹಾರ ಗುರುತ್ವಕ್ಕೆ ತನ್ನನ್ನು ಒಪ್ಪಿಸಿಕೊಳ್ಳಬಲ್ಲದೋ ಅದಕ್ಕೆ ಗೋಪುರವೇ ಅಗ್ಗ. ಕಲಬುರಗಿಯಿಂದ ಕಮಲಾಪುರದತ್ತ ಸಾಗುವ ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶದ ಬೇಳೆ ಗಿರಣಿಗಳಲ್ಲಿ ಕಾಣುವ ಎತ್ತರದ ಎಲಿವೇಟರುಗಳ ಗುಟ್ಟು ಇದೇ.

ನಡೆಯುವ ಜಾಲರಿ ಹುಟ್ಟಿದ್ದು ಆಹಾರಕ್ಕಾಗಿ ಅಲ್ಲವೇ ಅಲ್ಲ. 1799ರಲ್ಲಿ ಫ್ರಾನ್ಸಿನ ನಿಕೋಲಾ ಲೂಯಿ ರಾಬೆರ್ ಪಡೆದ ಹಕ್ಕುಪತ್ರವೊಂದರಲ್ಲಿ ಕಾಗದದ ಒದ್ದೆ ನಾರನ್ನು ಕೊನೆಯಿಲ್ಲದ ತಂತಿ ಜಾಲರಿಯ ಮೇಲೆ ಹರವಿ, ನೀರನ್ನು ಕೆಳಗೆ ಸೋರಗೊಟ್ಟು ಹಾಳೆ ಮಾಡುವ ಯಂತ್ರವಿತ್ತು. ಲಂಡನ್ನಿನ ಫೋರ್ಡ್ರಿನಿಯರ್ ಸೋದರರು ಅದಕ್ಕೆ ಹಣ ಹಾಕಿ ತಮ್ಮ ಹೆಸರು ಕೊಟ್ಟರು, ಹಣವನ್ನೂ ಕಳೆದುಕೊಂಡರು. ಸ್ವಂತ ಬಲವಿಲ್ಲದ, ಎತ್ತಿದರೆ ಹರಿಯುವ, ಕೆಳಗಿನಿಂದ ಏನನ್ನೋ ಬಿಡಬೇಕಾದ ಪದಾರ್ಥಕ್ಕೆ ಇದು ಸರಿಹೊಂದಿತು. ಬಿಸ್ಕತ್ತಿನ ಒಲೆಗೆ, ತರಕಾರಿ ಒಣಗಿಸುವ ಸುರಂಗಕ್ಕೆ, ಹೆಪ್ಪುಗಟ್ಟಿಸುವ ಕೋಣೆಗೆ ಜಾಲರಿ ಬಂದದ್ದು ಇದೇ ಕಾರಣದಿಂದ. 1913ರಲ್ಲಿ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ ಆಹಾರಕ್ಕೆ ತಾಗುವ ತಂತಿಗೆ ತಕ್ಕ ಲೋಹವೂ ದೊರೆಯಿತು.

ಜೋಳದ ರೊಟ್ಟಿ ಈ ವರ್ಗಕ್ಕೆ ಸೇರಿದ ಪದಾರ್ಥ. ಗೋಧಿಯಲ್ಲಿರುವ ಜಿಗುಟಿನ ಅಂಶ ಜೋಳದಲ್ಲಿ ಇಲ್ಲದಿರುವುದರಿಂದ ಅದರ ಹಿಟ್ಟು ಎಳೆದರೆ ಹಿಗ್ಗುವುದಿಲ್ಲ, ಹರಿಯುತ್ತದೆ. ಹಿಂಗಾರಿನ ಮಾಲದಂಡಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಕೈಯಿಂದ ಬಡಿದು ಅಗಲಿಸುವ ರೂಢಿ ಹುಟ್ಟಿದ್ದು ಈ ಕಾರಣದಿಂದಲೇ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಇಲ್ಲವಾದರೆ ಹಿಟ್ಟು ಬಿರುಕು ಬಿಡುತ್ತದೆ. ನೀರು ಆರುತ್ತಲೇ ಮಗುಚುತ್ತಾರೆ, ಕೊನೆಗೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ ಒಡ್ಡಿ ನೇರ ಉರಿಯಲ್ಲಿ ಉಬ್ಬಿಸುತ್ತಾರೆ. ಹಂಚಿನ ಬಿಸಿ ಮತ್ತು ನೇರ ಉರಿ ಎಂಬ ಎರಡು ಹಂತಗಳನ್ನು ಯಂತ್ರ ಅನುಕರಿಸಬೇಕು. ಬಹುತೇಕ ರೊಟ್ಟಿ ಯಂತ್ರಗಳಲ್ಲಿ ಮೊದಲ ಹಂತಕ್ಕೆ ಬಿಸಿ ತಗಡಿನ ಪಟ್ಟಿಗಳೂ ಉಬ್ಬಿಸುವ ಹಂತಕ್ಕೆ ತಂತಿ ಜಾಲರಿಯೂ ಇರುವುದು ಇದಕ್ಕಾಗಿ.

ಕಲಬುರಗಿಯಲ್ಲಿ ರೊಟ್ಟಿ ಮನೆಯಿಂದ ಮಾರುಕಟ್ಟೆಗೆ ಬಂದದ್ದು ಹೊಸದಲ್ಲ. ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿಯನ್ನು ಮಾಡಿ ಮಾರುವ ಹೆಂಗಸರು ಈ ಭಾಗದ ಊರೂರಿನಲ್ಲಿದ್ದಾರೆ. ಹೊಸದೆಂದರೆ ಅದಕ್ಕೆ ಸಿಕ್ಕ ಸಂಘಟನೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆ ಯೋಜನಾ ವೆಚ್ಚದ ಶೇಕಡ 35ರಷ್ಟನ್ನು, 10 ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನವಾಗಿ ಕೊಡತೊಡಗಿತು, ಕರ್ನಾಟಕ ಸರ್ಕಾರ ಅದಕ್ಕೆ ತನ್ನ ಪಾಲನ್ನೂ ಸೇರಿಸಿತು. ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಗುಂಪುಗಳನ್ನು ಒಟ್ಟುಗೂಡಿಸಿ ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ದಾರಿ ಮಾಡಿಕೊಟ್ಟಿತು. 2025ರ ಜೂನ್ ತಿಂಗಳ ಮನ್ ಕಿ ಬಾತ್ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಯವರು ಈ ಹೆಂಗಸರು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಿರುವುದನ್ನು ಪ್ರಸ್ತಾಪಿಸಿದರು. 

ರೊಟ್ಟಿಗೆ ಜಾಲರಿ ಆರಿಸುವಾಗ ತೊಗರಿ ಗಿರಣಿಯ ಅನುಭವ ಅರ್ಧ ಮಾತ್ರ ನೆರವಿಗೆ ಬರುತ್ತದೆ. ಬಯಲಿನ ಪ್ರಮಾಣದ ಲೆಕ್ಕ ಇಲ್ಲಿಯೂ ಅದೇ, ಉಳಿದುದೆಲ್ಲ ಬೇರೆ. ತೊಗರಿಯ ಜರಡಿಗೆ ಶತ್ರು ಸವೆತವಾದರೆ ರೊಟ್ಟಿಯ ಜಾಲರಿಗೆ ಶತ್ರು ಬಿಸಿ. ಉರಿಯ ಮೇಲೆ ದಿನವಿಡೀ ಓಡುವ ಉಕ್ಕಿನ ತಂತಿ ಹಿಗ್ಗುತ್ತದೆ, ಸಡಿಲಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಎಡಸುತ್ತಿನ ಮತ್ತು ಬಲಸುತ್ತಿನ ಸುರುಳಿಗಳನ್ನು ಸರದಿಯಲ್ಲಿ ಇಟ್ಟು, ಅಡ್ಡ ಸರಳುಗಳಿಂದ ಕೂಡಿಸಿದ ಸಮತೋಲದ ಹೆಣಿಗೆ ಈ ವಾಲುವಿಕೆಯನ್ನು ತಡೆಯುವುದಕ್ಕಾಗಿಯೇ ರೂಪುಗೊಂಡದ್ದು, ಏಕೆಂದರೆ ಒಂದು ಸುರುಳಿ ಎಡಕ್ಕೆ ಎಳೆದರೆ ಪಕ್ಕದ್ದು ಬಲಕ್ಕೆ ಎಳೆಯುತ್ತದೆ. ಪಟ್ಟಿಯನ್ನು ಬರೀ ಉರುಳೆಯ ಘರ್ಷಣೆಯಿಂದ ಎಳೆಸುವ ಬದಲು ಅಂಚಿನ ಸರಪಳಿಯನ್ನು ಹಲ್ಲುಗಾಲಿಗೆ ಸಿಕ್ಕಿಸಿ ಎಳೆಸಿದರೆ ಹಿಟ್ಟಿನ ಪುಡಿಯಿಂದ ಜಾರುವ ತೊಂದರೆಯೂ ಇರುವುದಿಲ್ಲ. ತಂತಿಗಳು ಒಂದನ್ನೊಂದು ದಾಟುವ ಮೂಲೆಗಳಲ್ಲಿ ಹಿಟ್ಟು ಕುಳಿತು ಕರಕಾಗುವುದರಿಂದ ಹಿಂತಿರುಗುವ ದಾರಿಯಲ್ಲಿ ಅದನ್ನು ಉಜ್ಜುವ ಕುಂಚ ಬೇಕು. ದಟ್ಟ ಹೆಣಿಗೆ ಕೊಂಡವರಿಗೆ ಈ ಶುಚಿಯ ಕೆಲಸವೇ ದೊಡ್ಡ ತಲೆನೋವು.

ಮುರಿದ ತಂತಿಯ ವಿಷಯದಲ್ಲಂತೂ ಹಳೆಯ ಅಭ್ಯಾಸ ಮೋಸ ಮಾಡಬಹುದು. ಬೇಳೆ ಗಿರಣಿಯಲ್ಲಿ ಸಾಮಾನ್ಯ ಕಬ್ಬಿಣದ ಚೂರು ಕಾಳಿಗೆ ಬಿದ್ದರೆ ದಾರಿಯಲ್ಲಿಟ್ಟ ಅಯಸ್ಕಾಂತ ಅದನ್ನು ಹಿಡಿಯುತ್ತಿತ್ತು. ಆಹಾರಕ್ಕೆ ಯೋಗ್ಯವೆಂದು ಬಳಸುವ 304 ದರ್ಜೆಯ ತುಕ್ಕುರಹಿತ ಉಕ್ಕು ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ತುಕ್ಕಿನ ಅಪಾಯ ಕಳೆದ ಲೋಹ ಈ ಹೊಸ ಅಪಾಯವನ್ನು ತಂದಿತು, ಮತ್ತು ಅದನ್ನು ಕಂಡುಹಿಡಿಯಲು ಬೇರೆಯದೇ ಲೋಹಶೋಧಕ ಬೇಕಾಯಿತು. ಸತು ಲೇಪಿಸಿದ ಅಗ್ಗದ ತಂತಿ ಅಯಸ್ಕಾಂತಕ್ಕೆ ಸಿಗುತ್ತದೆ ನಿಜ, ಆದರೆ ಉರಿಯಲ್ಲಿ ಅದರ ಲೇಪ ನಿಲ್ಲದು, ಆದ್ದರಿಂದ ಅದು ಒಲೆಯ ಹತ್ತಿರ ಬರಬಾರದ ವಸ್ತು.

ಒಂದೇ ಯಂತ್ರ ಈ ಜಿಲ್ಲೆಯ ಎಲ್ಲ ರೊಟ್ಟಿಗಳಿಗೂ ಒಗ್ಗುವುದಿಲ್ಲ ಎಂಬುದಕ್ಕೆ ಸಂಕ್ರಾಂತಿಯ ಸಜ್ಜೆ ರೊಟ್ಟಿ ಒಳ್ಳೆಯ ನಿದರ್ಶನ. ಅದರ ಮೈಗೆ ಎಳ್ಳು ಹಚ್ಚುವುದು ಕಡ್ಡಾಯ, ಮತ್ತು ಎಳ್ಳಿನ ಕಾಳು ಉದ್ದದಲ್ಲಿ ಸುಮಾರು 3 ಮಿಲಿಮೀಟರ್, ಅಗಲದಲ್ಲಿ 2 ಮಿಲಿಮೀಟರ್ ಮಾತ್ರ. ಜೋಳದ ರೊಟ್ಟಿಯನ್ನು ಉಬ್ಬಿಸಲು ಬೇಕಾದ ಬಯಲು ಜಾಲರಿಯಲ್ಲಿ ಉದುರಿದ ಎಳ್ಳು ನೇರವಾಗಿ ಉರಿಯ ಮೇಲೆ ಬೀಳುತ್ತದೆ, ಅಲ್ಲಿ ಸುಟ್ಟು ಮುಂದಿನ ರೊಟ್ಟಿಗಳಿಗೆ ಕಮಟು ವಾಸನೆ ಹತ್ತಿಸುತ್ತದೆ. ಎಳ್ಳು ನಿಲ್ಲುವಷ್ಟು ದಟ್ಟವಾದ ಜಾಲರಿ ಹಾಕಿದರೆ ಉರಿ ತಾಗದೆ ರೊಟ್ಟಿ ಉಬ್ಬುವುದಿಲ್ಲ. ಹೀಗಾಗಿ ಎಳ್ಳು ಹಚ್ಚಿದ ರೊಟ್ಟಿಯ ಕೊನೆಯ ಹದಕ್ಕೆ ಜಾಲರಿಗಿಂತ ಹಂಚೇ ಇನ್ನೂ ಸರಿಯಾದ ಸಾಧನ.